ಟೈಪಿಂಗ್‌ಗೆ ಮೂರು ಸ್ಟಾರ್, ಪೆನ್ಸಿಲ್‌ಗೆ ಐದು

ಹಾಸನದ ಕೋರ್ಟಿನ ಆಸುಪಾಸಿನಲ್ಲಿರುವ ಒಂದು ಡಿಟಿಪಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ದೂರುವುದಿದ್ದರೆ ನನ್ನೆದುರಿಗೇ ದೂರಿ, ಊರೆಲ್ಲ ಓದುವಂತೆ ಮಾತ್ರ ಬೇಡ ಎಂದು ಯಜಮಾನರು ಕೇಳಿಕೊಂಡಿದ್ದಾರೆ. ದೂರು ಇದೆ, ಹಾಗಾಗಿ ಹೆಸರಿಲ್ಲ. ಹತ್ತಕ್ಕೆ ಹದಿನೈದು ಅಡಿಯ ಮಳಿಗೆ, ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಗೋಡೆಯ ಮೇಲೆ ಹಾಸನಾಂಬೆಯ ಫೋಟೋ, ಅದರ ಕೆಳಗೆ ‘ಮೊದಲ ತಿದ್ದುಪಡಿ ಮಾತ್ರ ಉಚಿತ’ ಎಂಬ ಚೀಟಿ. ಈ ಚೀಟಿಯನ್ನು ನೆನಪಿನಲ್ಲಿಡಿ.

ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ತಯಾರಾಗುವುದು ಬಾಡಿಗೆ ಕರಾರು, ವಂಶವೃಕ್ಷದ ಅಫಿಡವಿಟ್, ವಿಭಾಗ ಪತ್ರ, ಹಕ್ಕುಬಿಡುಗಡೆ ಪತ್ರ, ನಡುನಡುವೆ ಗೃಹಪ್ರವೇಶದ ಆಹ್ವಾನ ಪತ್ರಿಕೆ. ಅಂಥ ಜಾಗಕ್ಕೆ ನಾನು ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ಪ್ರೇಮ ಕಾದಂಬರಿಯನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ. ನಾಲ್ಕು ಲಾಂಗ್ ನೋಟ್‌ಬುಕ್, 412 ಪುಟ, ನೀಲಿ ಇಂಕು. ಕಥೆ ನಡೆಯುವುದು 1814ರ ಇಂಗ್ಲೆಂಡಿನಲ್ಲಿ. ಯಜಮಾನರು ಮೊದಲ ಪುಟ ನೋಡಿ, ‘ಇದು ಯಾವ ಕೇಸ್ ಮೇಡಂ?’ ಎಂದು ಕೇಳಿದರು.

ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದಿದ್ದೇನೆ: ಅರಕಲಗೂಡು, ಆಲೂರು, ಬೇಲೂರು, ಕೊನೆಗೆ ಹಾಸನದ ಪ್ರಧಾನ ಅಂಚೆ ಕಚೇರಿ. ಆಲೂರಿನಲ್ಲಿ ಮಳೆಗಾಲದ ಮಧ್ಯಾಹ್ನ ಎರಡು ಗಂಟೆಯ ಮೇಲೆ ಕೌಂಟರಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದುವ ಚಟ ಹತ್ತಿದ್ದು ಅಲ್ಲಿ. ಅವುಗಳಲ್ಲಿ ನನಗೆ ಹಿಡಿಸಿದ್ದು ರೀಜೆನ್ಸಿ ಕಾಲದವು. ಮೂರನೆಯ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲದ ಕಾರಣ ಮಗನೇ ರಾಜಪ್ರತಿನಿಧಿಯಾಗಿ ಆಳಿದ ಕಾಲ ಅದು, 1811ರಿಂದ 1820ರವರೆಗೆ. ನಮ್ಮ ಕಡೆ ಬಾಲಕ ಮುಮ್ಮಡಿ ಕೃಷ್ಣರಾಜರ ಪರವಾಗಿ ಪೂರ್ಣಯ್ಯನವರು ನಡೆಸಿದ ಆಡಳಿತ ಮುಗಿಯುವ ಹೊತ್ತಿಗೆ ಅಲ್ಲಿ ಅದು ಶುರುವಾಯಿತು ಎಂದುಕೊಂಡರೆ ಕಾಲದ ಅಂದಾಜು ಸಿಗುತ್ತದೆ. ನಿವೃತ್ತಿಯಾದ ಮೇಲೆ ಒಂದು ನಾನೇ ಬರೆದುಬಿಡೋಣ ಎನ್ನಿಸಿತು. ಮನೆಯಲ್ಲಿ ನಕ್ಕರು. ನಗಲಿ ಎಂದು ಬರೆದೆ.

ಈಗ ಅಂಗಡಿಯ ವಿಷಯ. ಡೆಮಿ 1/8, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ ಪುಟಕ್ಕೆ 25 ರೂಪಾಯಿ. ನಾಲ್ಕು ನೋಟ್‌ಬುಕ್ಕು 288 ಪುಟಗಳಾಗಿ ಇಳಿದು 7,200 ರೂಪಾಯಿ ಆಯಿತು. ದರದ ಬಗ್ಗೆ ನನ್ನ ತಕರಾರಿಲ್ಲ, ಹಾಸನದಲ್ಲಿ ನಾಲ್ಕು ಕಡೆ ವಿಚಾರಿಸಿಯೇ ಹೋಗಿದ್ದೆ. ತಕರಾರಿರುವುದು ಸಮಯದ ಬಗ್ಗೆ. ‘ಒಂದು ತಿಂಗಳು ಮೇಡಂ, ಅದಕ್ಕಿಂತ ಒಂದು ದಿನ ಹೆಚ್ಚಾಗುವುದಿಲ್ಲ’ ಎಂದವರು ಕೈಗೆ ಕೊಟ್ಟಿದ್ದು ನವೆಂಬರ್ ಮೂರನೆಯ ವಾರದಲ್ಲಿ. ಜೂನ್, ಜುಲೈನಲ್ಲಿ ಶಾಲೆ ಕಾಲೇಜಿನ ಅಫಿಡವಿಟ್‌ಗಳ ಸಾಲು. ಶ್ರಾವಣ ಬಂದರೆ ಮದುವೆ ಪತ್ರಿಕೆ. ಆಮೇಲೆ ಹಾಸನಾಂಬೆಯ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ ದರ್ಶನ ಕೊಡುವ ದೇವರು. ಅಷ್ಟು ದಿನ ಊರಿಗೆ ಊರೇ ಸರತಿ ಸಾಲಿನಲ್ಲಿ ನಿಂತಿರುವಾಗ ನನ್ನ ಕಥಾನಾಯಕ ಕ್ಯಾಪ್ಟನ್ ಮತ್ತು ಅವನ ಕುದುರೆ ಎರಡನೆಯ ಕಂಪ್ಯೂಟರಿನೊಳಗೆ ಕಾಯುತ್ತಾ ನಿಂತಿದ್ದವು. ದೇವಿಯ ಮೇಲೆ ದೂರು ಹೇಳುವ ಧೈರ್ಯ ನನಗಿಲ್ಲ, ಯಜಮಾನರಿಗೆ ಅದು ಗೊತ್ತು.

ಎರಡನೆಯ ತಕರಾರು ಇನ್ನೂ ದೊಡ್ಡದು. ನನ್ನ ಕಥೆಯಲ್ಲಿ ಒಬ್ಬ ಬ್ಯಾರೊನೆಟ್, ಅಂದರೆ ವಂಶಪಾರಂಪರ್ಯವಾಗಿ ಬಂದ ಬಿರುದಿನವನು, ಇದ್ದಾನೆ. ಅಂಥವರ ಹೆಸರಿನ ಮುಂದೆ ‘ಸರ್’ ಎಂದು ಸೇರಿಸುವುದು ಆ ಕಾಲದ ಪದ್ಧತಿ, ಅದೂ ಮನೆತನದ ಹೆಸರಿಗಲ್ಲ, ಅವನ ಸ್ವಂತ ಹೆಸರಿಗೆ. ಯಜಮಾನರಿಗೆ ಇದು ಸರಿಬರಲಿಲ್ಲ. ಕನ್ನಡದಲ್ಲಿ ಸರ್ ಎಂದರೆ ಮೇಷ್ಟರನ್ನು ಕರೆದಂತೆ ಕೇಳುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ಆದರೆ ಅವರು ನನ್ನನ್ನು ಒಂದು ಮಾತು ಕೇಳದೆ, ಇಡೀ ಕಡತದಲ್ಲಿ ‘ಸರ್’ ಇದ್ದಲ್ಲೆಲ್ಲ ‘ಶ್ರೀಮಾನ್’ ಎಂದು ಒಂದೇ ಗುಂಡಿ ಒತ್ತಿ ಬದಲಾಯಿಸಿಬಿಟ್ಟರು. ಕಂಪ್ಯೂಟರಿಗೆ ಮೇಷ್ಟರೂ ಒಂದೇ, ಸರ್ಕಾರವೂ ಒಂದೇ. ಮೊದಲ ಕರಡನ್ನು ಮನೆಗೆ ತಂದು ಕಾಫಿ ಲೋಟ ಹಿಡಿದು ಕುಳಿತರೆ, ಇಂಗ್ಲೆಂಡನ್ನು ಆಳುತ್ತಿರುವುದು ‘ಶ್ರೀಮಾನ್ಕಾರ’. ತೋಟದ ಹಾದಿಯಲ್ಲಿ ನಾಯಕಿಯ ಕಾಲಿಗೆ ಸಿಕ್ಕಿದ್ದು ‘ಶ್ರೀಮಾನ್ಪ’. ನಾಯಕಿಯ ಚಿಕ್ಕಮ್ಮ, ನಾನು ತುಂಬ ಕಷ್ಟಪಟ್ಟು ಬರೆದ ದೃಶ್ಯದಲ್ಲಿ, ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ‘ನಿನ್ನಿಂದ ಈ ಮನೆ ಶ್ರೀಮಾನ್ವನಾಶವಾಯಿತು’ ಎನ್ನುತ್ತಾಳೆ. ಪಿತ್ತ ನೆತ್ತಿಗೇರಿತು. ನನ್ನ ಯಜಮಾನರು ಮಾತ್ರ ಒಂದು ವಾರ ಮನೆಯಲ್ಲಿ ತರಕಾರಿ ಮುಗಿದರೂ ಶ್ರೀಮಾನ್ವನಾಶ, ಕರೆಂಟ್ ಹೋದರೂ ಶ್ರೀಮಾನ್ವನಾಶ ಎಂದುಕೊಂಡು ಓಡಾಡಿದರು.

ಇದನ್ನು ಸರಿಪಡಿಸುವುದಕ್ಕೆ ‘ಮೊದಲ ತಿದ್ದುಪಡಿ’ ಖರ್ಚಾಯಿತು. ಅಂದರೆ ಅವರು ಮಾಡಿದ ತಪ್ಪಿಗೆ ನನ್ನ ಉಚಿತ ಅವಕಾಶ ಹೋಯಿತು. ನನ್ನ ಸ್ವಂತ ತಪ್ಪುಗಳಿಗೆ ಪುಟಕ್ಕೆ ಮೂರು ರೂಪಾಯಿಯಂತೆ 864 ರೂಪಾಯಿ ಬೇರೆ ತೆತ್ತೆ. ಗಟ್ಟಿಯಾಗಿ ಜಗಳ ಆಡಬಹುದಿತ್ತು. ಆಡಲಿಲ್ಲ. ಏಕೆಂದರೆ ನನ್ನ ಸ್ವಂತ ತಪ್ಪುಗಳನ್ನು ಹುಡುಕಿ ಕೊಟ್ಟಿದ್ದೂ ಅದೇ ಅಂಗಡಿ.

ಎರಡನೆಯ ಕಂಪ್ಯೂಟರಿನಲ್ಲಿ ಕೂರುವ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಸಕಲೇಶಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಕಿವಿಯ ಹಿಂದೆ ಕೆಂಪು ಕಪ್ಪು ಪಟ್ಟೆಯ ಮೋಟು ಪೆನ್ಸಿಲ್. ಟೈಪಿಂಗ್ ಅಂಥ ವೇಗವೇನಿಲ್ಲ, ಒತ್ತಕ್ಷರಗಳಲ್ಲಿ ಎಡವುತ್ತಾಳೆ, ‘ಹಾಸ್ಯ’ವನ್ನು ‘ಹಾಸ’ ಮಾಡಿದ್ದನ್ನು ನಾನೇ ಹನ್ನೊಂದು ಕಡೆ ತಿದ್ದಿದ್ದೇನೆ. ಆದರೆ ಅವಳು ಟೈಪ್ ಮಾಡುವುದನ್ನು ಓದುತ್ತಾಳೆ. ಡಿಟಿಪಿಯವರು ಅಕ್ಷರ ನೋಡುತ್ತಾರೆ, ಅರ್ಥ ನೋಡುವುದಿಲ್ಲ. ನೋಡಿದರೆ ವೇಗ ಕಡಿಮೆಯಾಗುತ್ತದೆ, ಪುಟದ ಲೆಕ್ಕದಲ್ಲಿ ಅದು ನಷ್ಟ. ಇವಳು ಓದುತ್ತಾಳೆ, ಅನುಮಾನ ಬಂದ ಕಡೆ ನನ್ನ ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾಳೆ. ಕೆಳಗಿನ ಚುಕ್ಕಿಯ ಜಾಗದಲ್ಲಿ ಚುಕ್ಕಿಯಲ್ಲ, ಪುಟ್ಟ ಸೊನ್ನೆ. ನಾಲ್ಕು ನೋಟ್‌ಬುಕ್‌ಗಳಲ್ಲಿ ಅಂಥ ಸೊನ್ನೆಗಳು 57.

ಅವುಗಳಲ್ಲಿ ಒಂದು ನನ್ನ ಮಾನ ತೆಗೆಯಿತು. ಅದನ್ನು ವಿವರವಾಗಿ ಹೇಳಲೇಬೇಕು.

ನನ್ನ ಕಥೆ ನಿಂತಿರುವುದು ಒಂದು ಪತ್ರದ ಮೇಲೆ. ಆ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಗದದ ದುಡ್ಡು ಕೊಡುತ್ತಿದ್ದುದು ಬರೆದವರಲ್ಲ, ತೆಗೆದುಕೊಳ್ಳುವವರು. ನಾವು ಅಂಚೆಯವರು ‘ಬೇರಿಂಗ್’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಊರಿಗೆ ಊರೇ ಬೇರಿಂಗ್. ದರ ತೂಕಕ್ಕಲ್ಲ, ದೂರಕ್ಕೆ ಮತ್ತು ಹಾಳೆಗೆ. 100 ಮೈಲಿ ದೂರದ ಒಂದು ಹಾಳೆಯ ಪತ್ರಕ್ಕೆ 9 ಪೆನ್ಸ್. ಎರಡು ಹಾಳೆಯಾದರೆ ಎರಡರಷ್ಟು. ಲಕೋಟೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುವುದರಿಂದ ಯಾರೂ ಲಕೋಟೆ ಹಾಕುತ್ತಿರಲಿಲ್ಲ, ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದೆ ಹೋದರೆ ಬರೆದ ಹಾಳೆಯನ್ನೇ ಅಡ್ಡಕ್ಕೆ ತಿರುಗಿಸಿ ಆ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅದು ಓದಲು ಬರುತ್ತದೆಯೇ ಎಂಬ ಅನುಮಾನದಿಂದ ನಾನೇ ಒಂದು ಹಳೆಯ ಇನ್‌ಲ್ಯಾಂಡ್ ಪತ್ರದ ಮೇಲೆ ಬರೆದು ನೋಡಿದೆ. ಬರುತ್ತದೆ. ಬಿದಿರಿನ ತಟ್ಟಿಯ ಹಿಂದೆ ನಿಂತವರ ಮುಖ ನೋಡಿದ ಹಾಗೆ, ಕಣ್ಣನ್ನು ಸ್ವಲ್ಪ ಅಡ್ಡಾಡಿಸಬೇಕು ಅಷ್ಟೇ. ಪಾರ್ಲಿಮೆಂಟ್ ಸದಸ್ಯರಿಗೆ ಮಾತ್ರ ಸಹಿ ಹಾಕಿ ಪುಕ್ಕಟೆ ಕಳಿಸುವ ಹಕ್ಕಿತ್ತು, ಅವರ ನೆಂಟರಿಷ್ಟರೆಲ್ಲ ಅದನ್ನು ಬಳಸಿಕೊಳ್ಳುತ್ತಿದ್ದರು. ಈ ಪದ್ಧತಿ ಯಾವ ದೇಶಕ್ಕೂ ಹೊಸದಲ್ಲ ಬಿಡಿ.

ಕಥೆಯಲ್ಲಿ ಕ್ಯಾಪ್ಟನ್ ನಾಯಕಿಗೆ ಪತ್ರ ಬರೆಯುತ್ತಾನೆ. ನಿಶ್ಚಿತಾರ್ಥವಾಗದೆ ಗಂಡು ಹೆಣ್ಣು ಪತ್ರ ಬರೆದುಕೊಳ್ಳುವುದೇ ಆಗ ಅಪಚಾರ. ಅದರ ಮೇಲೆ ಎರಡು ಹಾಳೆ, 18 ಪೆನ್ಸ್. ಅಷ್ಟು ದುಡ್ಡು ನಾಯಕಿಯ ಹತ್ತಿರ ಇಲ್ಲ, ಚಿಕ್ಕಮ್ಮನನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅಂಚೆಯವನು ಬಾಗಿಲಲ್ಲಿ ಪತ್ರ ಹಿಡಿದು ನಿಂತಿದ್ದಾನೆ, ಇವಳು ಬೇಡವೆಂದು ತಲೆ ಅಲ್ಲಾಡಿಸಬೇಕು. ಪುಟ 63. ನನ್ನ ನೌಕರಿಯ ಅಷ್ಟೂ ವರ್ಷ ಆ ಒಂದು ದೃಶ್ಯಕ್ಕೆ ಉಪಯೋಗಕ್ಕೆ ಬಂದಿತು ಎಂದು ಬೀಗಿದ್ದೆ.

ಪುಟ 188ರಲ್ಲಿ ಅದೇ ನಾಯಕಿ ಉತ್ತರ ಬರೆದು, ನಾಲಿಗೆಯ ತುದಿಯಿಂದ ಅಂಚೆ ಚೀಟಿಯನ್ನು ತೇವ ಮಾಡಿ ಅಂಟಿಸುತ್ತಾಳೆ.

ಅಂಚಿನಲ್ಲಿ ಪೆನ್ಸಿಲ್ ಸೊನ್ನೆ. ಹುಡುಗಿ ತಲೆ ಎತ್ತದೆ ಕೇಳಿದಳು: ‘ಮೇಡಂ, ಹಿಂದೆ ತೆಗೆದುಕೊಳ್ಳುವವರೇ ದುಡ್ಡು ಕೊಡಬೇಕು ಎಂದಿದ್ದೀರಿ. ಮತ್ತೆ ಇವಳು ಸ್ಟಾಂಪ್ ಏಕೆ ಹಚ್ಚುತ್ತಾಳೆ?’

ಜಗತ್ತಿನ ಮೊದಲ ಅಂಚೆ ಚೀಟಿ ಚಲಾವಣೆಗೆ ಬಂದಿದ್ದು 1840ರ ಮೇ 6ರಂದು. ಈ ದಿನಾಂಕವನ್ನು ನಾನು ಇಲಾಖಾ ಪರೀಕ್ಷೆಗೆ ಬಾಯಿಪಾಠ ಮಾಡಿದವಳು. 34 ವರ್ಷ ಸ್ಟಾಂಪ್ ಮಾರಿದ ಕೈ ಅಭ್ಯಾಸಬಲದಿಂದ 26 ವರ್ಷ ಮೊದಲೇ ಅಂಟಿಸಿಬಿಟ್ಟಿತ್ತು. ಆ ಹುಡುಗಿಗೆ 1840ರ ವಿಷಯ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. 63ನೆಯ ಪುಟವನ್ನು ನೆನಪಿಟ್ಟುಕೊಂಡಿದ್ದಳು, ಅಷ್ಟೆ. ಹಾಗೆಯೇ ನೃತ್ಯಕೂಟದ ರಾತ್ರಿ ಹುಣ್ಣಿಮೆಯೆಂದು ಬರೆದು (ಗಾಡಿಗಳಿಗೆ ದಾರಿ ಕಾಣಲೆಂದು ಬೆಳದಿಂಗಳ ದಿನ ನೋಡಿಯೇ ಇಟ್ಟುಕೊಳ್ಳುತ್ತಿದ್ದರು), ಆರು ದಿನದ ನಂತರ ಮತ್ತೆ ಪೂರ್ಣಚಂದ್ರನನ್ನು ಮೂಡಿಸಿದ್ದಕ್ಕೂ ಒಂದು ಸೊನ್ನೆ ಬಿದ್ದಿತ್ತು.

ಇನ್ನೊಂದು ಕಡೆ ನಾನು ಎರಡು ಪುಟ ಪಾಠ ಮಾಡಿದ್ದೆ. ಅಪ್ಪ ಸತ್ತರೆ ಹೆಣ್ಣುಮಕ್ಕಳಿದ್ದರೂ ಮನೆ, ಜಮೀನು ದೂರದ ಗಂಡು ದಾಯಾದಿಗೆ ಹೋಗುವಂತೆ ಕಟ್ಟಿಹಾಕಿದ ಆಸ್ತಿಯ ಕಾನೂನು ಅದು. ಆ ಕಾಲದ ಕಾದಂಬರಿಗಳ ಬೆನ್ನೆಲುಬು. ಕನ್ನಡದ ಓದುಗರಿಗೆ ಅರ್ಥವಾಗಲಿ ಎಂದು ಎಳೆದಿದ್ದೆ. ಹುಡುಗಿ ಎರಡೂ ಪುಟಕ್ಕೆ ಸೇರಿಸಿ ಉದ್ದಕ್ಕೆ ಒಂದು ಗೆರೆ ಹಾಕಿದ್ದಳು. ‘ಇಷ್ಟೊಂದು ಏಕೆ ಮೇಡಂ? ಇದನ್ನು ನಾನು ದಿನಾ ಟೈಪ್ ಮಾಡುತ್ತೇನೆ’ ಎಂದು ಪಕ್ಕದಲ್ಲಿದ್ದ ಹಕ್ಕುಬಿಡುಗಡೆ ಪತ್ರವನ್ನು ತೋರಿಸಿದಳು. ಮೂವರು ಅಕ್ಕತಂಗಿಯರು ತಮ್ಮನ ಹೆಸರಿಗೆ ಬರೆದುಕೊಟ್ಟದ್ದು, ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ. ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ‘ಅಲ್ಲಿ ಕಾನೂನೇ ಕೊಡುವುದಿಲ್ಲ, ಇಲ್ಲಿ ಕಾನೂನು ಕೊಟ್ಟಿದ್ದನ್ನು ಇವರು ವಾಪಸು ಕೊಡುತ್ತಾರೆ’ ಎಂದಳು. ಎರಡು ಪುಟ ನಾಲ್ಕು ಸಾಲಾಯಿತು.

ಐವತ್ತೇಳರಲ್ಲಿ ನನ್ನನ್ನು ಅಲ್ಲಾಡಿಸಿದ್ದು 140ನೆಯ ಪುಟದ ಸೊನ್ನೆ. ಕ್ಯಾಪ್ಟನ್‌ಗೆ ಎಡತೋಳಿನಲ್ಲಿ ಒಂದು ಹಳೆಯ ಗಾಯ. ಕಥಾನಾಯಕ ಎಂದಮೇಲೆ ಒಂದು ಗಾಯ ಇರಲಿ, ಮಳೆ ಬಂದಾಗ ನೋಯಲಿ, ನಾಯಕಿಗೆ ಮರುಕ ಹುಟ್ಟಲಿ. ಅದು ಎಲ್ಲಿ ಆಯಿತು ಎಂದು ಹೇಳಬೇಕಲ್ಲ, ‘ವೆಲ್ಲೆಸ್ಲಿಯ ಕೈಕೆಳಗೆ, ಮೈಸೂರು ಸೀಮೆಯ ಕಾಡಿನಲ್ಲಿ, ಯಾರೋ ಒಬ್ಬ ಬಂಡುಕೋರನನ್ನು ಬೆನ್ನಟ್ಟುವಾಗ’ ಎಂದು ಬರೆದಿದ್ದೆ. ನಮ್ಮ ಸೀಮೆಯ ಹೆಸರೂ ಬಂದ ಹಾಗಾಯಿತು ಎಂಬ ಸಣ್ಣ ಸಂತೋಷ ಬೇರೆ.

‘ಯಾವ ಕಾಡು ಮೇಡಂ?’

‘ಮಲೆನಾಡಿನ ಕಾಡು ಅಂದುಕೋ.’

‘ಯಾವ ಬಂಡುಕೋರ?’

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಬಳಿ ಇತ್ತು. ಅವಳ ಅಜ್ಜಿಯ ಮನೆ ಐಗೂರಿನ ಹತ್ತಿರ. ‘ನಮ್ಮ ನಾಯಕರನ್ನು ನೇಣಿಗೆ ಹಾಕಿಸಿದವರು ಇವರೇ ಅಲ್ಲವೇ? ಅಜ್ಜಿ ಹೇಳುತ್ತಿದ್ದರು’ ಎಂದಳು, ಅಫಿಡವಿಟ್ಟಿನ ಹೆಸರೊಂದನ್ನು ಖಚಿತಪಡಿಸಿಕೊಳ್ಳುವ ದನಿಯಲ್ಲಿ. ಹೌದು, ಅವರೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ತಲೆಬಾಗದ, ಐಗೂರಿನಿಂದ ಆಳುತ್ತಿದ್ದ ಬಲಂ ಸೀಮೆಯ ಪಾಳೆಯಗಾರನ ಮೇಲೆ ದಂಡೆತ್ತಿ ಬಂದು, 1802ರಲ್ಲಿ ಹಿಡಿದು ಗಲ್ಲಿಗೇರಿಸಿದ್ದು ಆರ್ಥರ್ ವೆಲ್ಲೆಸ್ಲಿಯ ಸೇನೆ. ಅದೇ ವೆಲ್ಲೆಸ್ಲಿ 1814ರಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಆದ, ಮರುವರ್ಷ ವಾಟರ್ಲೂನಲ್ಲಿ ಗೆದ್ದ. ನಾನು ಓದಿದ ಪ್ರೇಮ ಕಥೆಗಳ ನೃತ್ಯಕೂಟಗಳಲ್ಲಿ ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಹೆಂಗಸರೆಲ್ಲ ಬೀಸಣಿಗೆ ಬಿಚ್ಚುತ್ತಾರೆ. ಐಗೂರಿನ ದಾರಿಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡಿದ್ದೆ, ಒಂದಕ್ಕೊಂದು ತಾಗಿಸಿರಲಿಲ್ಲ.

ನೋಟ್‌ಬುಕ್ ವಾಪಸು ತಂದು ಮೂರು ವಾರ ಕುಳಿತೆ. (ತಡವಾದದ್ದರಲ್ಲಿ ಈ ಮೂರು ವಾರ ನನ್ನ ಲೆಕ್ಕಕ್ಕೆ, ಯಜಮಾನರ ಲೆಕ್ಕಕ್ಕಲ್ಲ.) ಕ್ಯಾಪ್ಟನ್‌ನ ಗಾಯ ಈಗ ಅಲಂಕಾರವಲ್ಲ. ಅವನು ಆಗ ಇಪ್ಪತ್ತರ ಹುಡುಗ, ಆ ಬೆಳಿಗ್ಗೆ ಅಲ್ಲಿ ಸಾಲಿನಲ್ಲಿ ನಿಂತಿದ್ದವನು, ಹನ್ನೆರಡು ವರ್ಷದ ಮೇಲೆ ಊಟದ ಮೇಜಿನಲ್ಲಿ ಯಾರೋ ಡ್ಯೂಕನ ಆರೋಗ್ಯಕ್ಕೆಂದು ಲೋಟ ಎತ್ತಿದಾಗ ಇವನ ಕೈ ಏಳುವುದಿಲ್ಲ. ನಾಯಕಿ ಅದನ್ನು ಗಮನಿಸುತ್ತಾಳೆ. ಅವರಿಬ್ಬರ ನಡುವಿನ ಮೊದಲ ನಿಜವಾದ ಮಾತು ಅಲ್ಲಿಂದ ಶುರುವಾಗುತ್ತದೆ. ಮೊದಲಿದ್ದ ಮರುಕದ ದೃಶ್ಯವನ್ನು ಹರಿದು ಹಾಕಿದೆ. ಅದು ಹೋದದ್ದೇ ಒಳ್ಳೆಯದಾಯಿತು.

ಈ ಕೆಲಸಕ್ಕೆ ಅಂಗಡಿಯ ದರಪಟ್ಟಿಯಲ್ಲಿ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಹಸ್ತಪ್ರತಿ ಓದಿ ಸಲಹೆ ಕೊಡುವ ಒಬ್ಬರಿಗೆ ಮೊದಲ ಮೂರು ಅಧ್ಯಾಯ ಕಳಿಸಿ ದುಡ್ಡನ್ನೂ ಕೊಟ್ಟಿದ್ದೆ. ‘ಭಾಷೆ ಚೆನ್ನಾಗಿದೆ, ಭಾವನೆ ಇನ್ನಷ್ಟು ಆಳವಾಗಲಿ’ ಎಂದು ಒಂದು ಸಾಲು ಬಂದಿತು. ಎಷ್ಟು ಆಳ, ಎಷ್ಟು ಅಡಿ ಎಂದು ಬೋರ್‌ವೆಲ್‌ನವರೂ ಹೇಳುತ್ತಾರೆ.

ಒಟ್ಟು ಖರ್ಚು, ಎರಡು ಪ್ರತಿ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿದ 1,300 ರೂಪಾಯಿ ಸೇರಿ, 9,364. ಮುದ್ರಣದ ಖರ್ಚು ಇನ್ನು ಮುಂದೆ, ಅದೂ ನನ್ನದೇ ಕೈಯಿಂದ. ಇದನ್ನು ಕೇಳಿ ನನ್ನ ತಂಗಿ ‘ದುಡ್ಡು ಕೊಟ್ಟು ಯಾರಾದರೂ ಪುಸ್ತಕ ಮಾಡಿಸುತ್ತಾರೆಯೇ’ ಎಂದಳು. ಜೇನ್ ಆಸ್ಟೆನ್ ತನ್ನ ಮೊದಲ ಕಾದಂಬರಿಯನ್ನು 1811ರಲ್ಲಿ ನಷ್ಟವಾದರೆ ತಾನೇ ತುಂಬಿಕೊಡುವ ಒಪ್ಪಂದದ ಮೇಲೆ ಮಾಡಿಸಿದಳು, ಹೆಸರನ್ನೂ ಹಾಕದೆ. ಅದಕ್ಕೆ ಲಾಭ ಬಂದಿತು. ಎರಡನೆಯದರ ಹಕ್ಕನ್ನು 110 ಪೌಂಡಿಗೆ ಪ್ರಕಾಶಕನಿಗೆ ಮಾರಿಬಿಟ್ಟಳು, ಅದು ಮೊದಲಿನದಕ್ಕಿಂತ ಚೆನ್ನಾಗಿ ಓಡಿತು, ಮೇಲಿನ ದುಡ್ಡೆಲ್ಲ ಅವನಿಗೆ. ತಂಗಿಗೆ ಇದನ್ನು ಹೇಳಿದೆ. ‘ನೀನು ಜೇನ್ ಆಸ್ಟೆನ್ ಅಲ್ಲವಲ್ಲ’ ಎಂದಳು. ಅದೂ ಸರಿಯೇ.

ಹೋಗುವವರಿಗೆ: ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಆಮೇಲೆ ವಕೀಲರ ಗುಮಾಸ್ತರು ತುಂಬಿಕೊಳ್ಳುತ್ತಾರೆ. ಎರಡನೆಯ ಕಂಪ್ಯೂಟರೇ ಬೇಕೆಂದು ಹಟ ಹಿಡಿಯಿರಿ. ಯಜಮಾನರು ಒಳ್ಳೆಯವರು, ಚಹಾ ತರಿಸುತ್ತಾರೆ, ಆದರೆ ಒಂದೇ ಗುಂಡಿ ಒತ್ತಿ ಏನನ್ನೂ ಬದಲಾಯಿಸಕೂಡದು ಎಂದು ಅವರಿಂದ ಬರೆಸಿಕೊಳ್ಳಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದರೂ, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಉಳಿಸಿಕೊಡಲು ಹೇಳಿ. ಅವರು ಹೇಳಿದ ದಿನಾಂಕಕ್ಕೆ ನಾಲ್ಕು ತಿಂಗಳು ಸೇರಿಸಿಕೊಳ್ಳಿ.

ಒಂದು ಸೊನ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಪುಟ 397, ಕ್ಯಾಪ್ಟನ್ ಕೇಳುತ್ತಾನೆ, ನಾಯಕಿ ಒಪ್ಪುತ್ತಾಳೆ. ಆ ಕಾಲದ ಇಂಗ್ಲಿಷಿನಲ್ಲಿ ಎದುರಿಗೆ ದೊರೆಯಿದ್ದರೂ ಅಡುಗೆಯವಳಿದ್ದರೂ ಒಂದೇ ಸರ್ವನಾಮ. ಏಕವಚನ ಬಹುವಚನದ ಚಿಂತೆಯೇ ಇಲ್ಲ. ನಮಗೆ ಆ ಭಾಗ್ಯವಿಲ್ಲ, ಅಥವಾ ಅವರಿಗೆ ಈ ಭಾಗ್ಯವಿಲ್ಲ. 396 ಪುಟ ಅವರಿಬ್ಬರೂ ‘ನೀವು’ ಎಂದೇ ಮಾತನಾಡುತ್ತಾರೆ, ಜಗಳವನ್ನೂ ‘ನೀವು’ ಎಂದೇ ಆಡುತ್ತಾರೆ. (‘ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಹೀಗೆಯೇ ಮೇಡಂ’ ಎಂದಿದ್ದಳು ಹುಡುಗಿ.) ಇಲ್ಲಿ ಬಂದು ಅವನು ಮೊದಲ ಸಲ ‘ನೀನು’ ಎನ್ನುತ್ತಾನೆ. ಅವಳು ‘ನೀವು’ ಎಂದೇ ಉತ್ತರ ಕೊಡುತ್ತಾಳೆ. ನಮ್ಮ ಮನೆಯಲ್ಲಿ ನಾನು 36 ವರ್ಷದಿಂದ ಹೇಳುತ್ತಿರುವುದು ಅದೇ, ಬರೆಯುವಾಗ ಕೈಗೆ ಅದೇ ಬಂದಿತು.

ಅಂಚಿನಲ್ಲಿ ಸೊನ್ನೆಯ ಜೊತೆಗೆ, ನಾಲ್ಕು ನೋಟ್‌ಬುಕ್‌ಗಳಲ್ಲಿ ಒಂದೇ ಒಂದು ಸಲ, ಎರಡು ಪದ ಬರೆದಿದ್ದಾಳೆ: ‘ಅವನು ಮಾತ್ರವೇ?’

ಎರಡು ರೀತಿಯಲ್ಲೂ ಬರೆದು ನೋಡಿದೆ. ನಾಯಕಿಯ ಬಾಯಲ್ಲಿ ‘ನೀನು’ ಎಂದು ಹಾಕಿ, ಗಟ್ಟಿಯಾಗಿ ಓದಿ, ಪಕ್ಕದ ಕೋಣೆಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದೆ. ಸೋಮವಾರ ಅಂಗಡಿಗೆ ಹೋಗಬೇಕು. ಪುಟಕ್ಕೆ ಮೂರು ರೂಪಾಯಿ.